ಎಂಟು ದಿನದ ಇಗ್ನೇಷಿಯನ್ ಮೌನ ರಿಟ್ರೀಟ್: ಯಾರಿಗೆ ಒಗ್ಗುತ್ತದೆ, ಎಲ್ಲಿ ಕೆಡುತ್ತದೆ

‘ನಿಮ್ಮ ಚಿತ್ತ ನೆರವೇರಲಿ’ ಎಂದು ದಿನವೂ ಜಪ ಮಾಡುತ್ತೇವೆ. ಆ ಚಿತ್ತ ಯಾವುದು, ಅದನ್ನು ತಿಳಿಯುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವ ಏರ್ಪಾಡುಗಳು ಮಾತ್ರ ಬಹಳ ಇಲ್ಲ. ಪ್ರವಚನ ಕೇಳಿ, ಕಣ್ಣೀರಿಟ್ಟು, ‘ನನ್ನನ್ನೇ ಒಪ್ಪಿಸಿಬಿಟ್ಟೆ ಪ್ರಭುವೇ’ ಎಂದು ಹೇಳಿ ಮನೆಗೆ ಬಂದವರ ಎದುರು ಸೋಮವಾರ ಬೆಳಿಗ್ಗೆ ಹಳೆಯ ಪ್ರಶ್ನೆಗಳೇ ನಿಂತಿರುತ್ತವೆ. ಪಾದ್ರಿಯಾಗಲು ಸೆಮಿನರಿಗೆ ಸೇರಲೋ, ಸಿಸ್ಟರ್ ಆಗಲು ಕಾನ್ವೆಂಟಿಗೆ ಹೋಗಲೋ, ಈ ಸಂಬಂಧಕ್ಕೆ ಒಪ್ಪಿಕೊಳ್ಳಲೋ, ಇರುವ ಕೆಲಸ ಬಿಟ್ಟು ಊರಿಗೆ ಮರಳಿ ಅಪ್ಪ ಅಮ್ಮನನ್ನು ನೋಡಿಕೊಳ್ಳಲೋ? ಇಗ್ನೇಷಿಯನ್ ರಿಟ್ರೀಟ್, ಅಂದರೆ ಮನೆ ಕೆಲಸ ಬಿಟ್ಟು ಮೌನದಲ್ಲಿ ಪ್ರಾರ್ಥಿಸುವ ಏಕಾಂತವಾಸ, ಇರುವುದು ಈ ಸೋಮವಾರದ ಪ್ರಶ್ನೆಗಾಗಿ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಒಳ್ಳೆಯ ಮಾರ್ಗದರ್ಶಿ ಸಿಕ್ಕರೆ, ದೈವಕರೆಗೆ ತನ್ನ ಇಚ್ಛೆಯನ್ನು ಒಪ್ಪಿಸಲು ಕಲಿಯುವವರಿಗೆ ಇದಕ್ಕಿಂತ ಉತ್ತಮವಾದದ್ದು ಸಿಗುವುದು ಕಷ್ಟ. ಮಾರ್ಗದರ್ಶಿ ಸರಿಯಿಲ್ಲದಿದ್ದರೆ ಎಂಟು ದಿನ ಸುಮ್ಮನೆ ಕೂತು ಬಂದ ಹಾಗೆ. ಮನೆಯಲ್ಲಿ ಸಂಸಾರ, ಕೆಲಸ ಇರುವವರಿಗೆ ಎಂಟು ದಿನದ ರಿಟ್ರೀಟಿಗಿಂತ ಇದೇ ಸಾಧನೆಯ ಇನ್ನೊಂದು ರೂಪ ಹೆಚ್ಚು ಒಗ್ಗುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಇದರ ಮೂಲ ಲೊಯೊಲಾದ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಈ ಬಾಸ್ಕ್ ಸೈನಿಕನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಓದಲು ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಆಗ ಅವನು ಒಂದು ಸಂಗತಿ ಗಮನಿಸಿದ. ವೀರನಾಗಿ ಮೆರೆಯುವ ಕನಸು ಕಾಣುವಷ್ಟು ಹೊತ್ತು ಹಿತ, ಮುಗಿದ ಮೇಲೆ ಮನಸ್ಸು ಒಣ ಒಣ. ಸಂತರಂತೆ ಬಾಳುವ ಕನಸಾದರೆ ಕಾಣುವಾಗಲೂ ಹಿತ, ಮುಗಿದ ಮೇಲೂ ಆ ಹಿತ ಉಳಿಯುತ್ತಿತ್ತು. ದೇವರ ಕರೆ ಯಾವುದು, ಬರೀ ಆಸೆ ಯಾವುದು ಎಂದು ಬೇರ್ಪಡಿಸುವ ಇಡೀ ವಿಧಾನ ಈ ಒಂದು ಗಮನಿಕೆಯಿಂದ ಬೆಳೆಯಿತು. ಮುಂದಿನ ವರ್ಷ ಮನ್ರೇಸಾ ಎಂಬ ಊರಿನಲ್ಲಿ ಸುಮಾರು ಹನ್ನೊಂದು ತಿಂಗಳು ಜಪತಪದಲ್ಲಿದ್ದು ಟಿಪ್ಪಣಿ ಬರೆಯತೊಡಗಿದ. ಆ ಟಿಪ್ಪಣಿಗಳು ಪುಸ್ತಕವಾಗಿ, 1548ರ ಜುಲೈ 31ರಂದು ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದವು. ಓದಿ ಸವಿಯುವ ಪುಸ್ತಕ ಅದಲ್ಲ. ಸಾಧನೆ ಮಾಡಿಸುವವರ ಕೈಪಿಡಿ. ಅಡುಗೆ ಪುಸ್ತಕ ಓದಿದರೆ ಹೊಟ್ಟೆ ತುಂಬದು, ಹಾಗೆಯೇ ಇದೂ. ಇಗ್ನೇಷಿಯಸರು ಕಟ್ಟಿದ ಯೇಸು ಸಭೆಯ (ಜೆಸ್ವಿಟ್) ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು ನಮ್ಮವರಿಗೆ ಗೊತ್ತು. ಅವರನ್ನೆಲ್ಲ ರೂಪಿಸಿದ್ದು ಇದೇ ಸಾಧನೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಪೂರ್ತಿ ಸಾಧನೆಗೆ ಸುಮಾರು 30 ದಿನ ಬೇಕು. ಅದನ್ನು ನಾಲ್ಕು ‘ವಾರ’ಗಳಾಗಿ ಮಾಡಿದ್ದಾರೆ: ಪಾಪ ಮತ್ತು ದೇವರ ಕರುಣೆ, ಯೇಸುವಿನ ಜೀವನ, ಯಾತನೆ ಮತ್ತು ಮರಣ, ಪುನರುತ್ಥಾನ. ವಾರ ಎಂದರೆ ಲೆಕ್ಕದ ಏಳು ದಿನ ಅಲ್ಲ, ಒಬ್ಬೊಬ್ಬರ ಅಗತ್ಯ ನೋಡಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಎಂಟು ದಿನದ್ದು ಅದರ ಸಂಕ್ಷಿಪ್ತ ರೂಪ. ಕೇರಳದ ಮುರಿಂಗೂರಿನ ಧ್ಯಾನಕೂಟಗಳಂತೆ ಹಾಡು, ಪ್ರವಚನ, ಸಾಕ್ಷಿ, ಸಾಮೂಹಿಕ ಪ್ರಾರ್ಥನೆ ನಿರೀಕ್ಷಿಸಿ ಬಂದವರಿಗೆ ಮೊದಲ ಎರಡು ದಿನ ಕಷ್ಟವೇ. ಇಲ್ಲಿ ಮೈಕ್ ಇಲ್ಲ. ಮಾತಾಡುವವರು ಇಬ್ಬರೇ, ನೀವು ಮತ್ತು ನಿಮ್ಮ ಮಾರ್ಗದರ್ಶಿ. ಅದೂ ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಎರಡು ಬಗೆಯ ಕೂಟಗಳಿಗೂ ಅವುಗಳದೇ ಬೆಲೆ ಇದೆ, ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬಾರದು ಅಷ್ಟೆ.

ದಿನಚರಿ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ನಾಲ್ಕು ಅಥವಾ ಐದು ಸಲ ಒಂದೊಂದು ಗಂಟೆಯ ಪ್ರಾರ್ಥನೆ, ಒಂದು ಬಲಿಪೂಜೆ (ಚರ್ಚಿನ ಮಾಸ್), ಮಾರ್ಗದರ್ಶಿಯ ಭೇಟಿ, ಮಲಗುವ ಮುಂಚೆ ಆತ್ಮಪರಿಶೋಧನೆ. ಉಳಿದ ಹೊತ್ತು ನಡಿಗೆ, ನಿದ್ದೆ, ಊಟ. ಬೇರೆ ಪುಸ್ತಕ ಬೇಡ, ಬೈಬಲ್ ಮತ್ತು ಒಂದು ನೋಟ್‌ಬುಕ್ ಸಾಕು.

ಆ ಒಂದು ಗಂಟೆ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗುಣ ಇರುವುದೆಲ್ಲ ಅಲ್ಲೇ. ಕೂರುವ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗಲೇ ನಿಲ್ಲಬೇಕು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಒಂದು ಸಲ ಹೇಳುವಷ್ಟು ಹೊತ್ತು, ದೇವರು ಈಗ ನನ್ನನ್ನು ಹೇಗೆ ನೋಡುತ್ತಿದ್ದಾರೆ ಎಂದು ನೆನೆಯಬೇಕು. ಆಮೇಲೆ ತಲೆಬಾಗಿ ಕೂರಬೇಕು. ಮೊಣಕಾಲೂರಿ, ಕೂತು, ನಿಂತು, ಬೋರಲಾಗಿ ಅಥವಾ ಅಂಗಾತ ಮಲಗಿ, ಹೇಗಾದರೂ ಸರಿ. ಯಾವ ಭಂಗಿಯಲ್ಲಿ ಮನಸ್ಸು ನಿಲ್ಲುತ್ತದೋ ಅದನ್ನು ಬದಲಿಸಬಾರದು ಎಂಬುದೇ ನಿಯಮ. ನಂತರ ಮಾರ್ಗದರ್ಶಿ ಕೊಟ್ಟ ಬೈಬಲ್ ಭಾಗ. ಮಾರ್ಕನ ಶುಭಸಂದೇಶದ ಕುರುಡ ಬಾರ್ತಿಮಾಯನ ಪ್ರಸಂಗ ಎನ್ನಿ. ಜೆರಿಕೋವಿನ ಧೂಳು, ಜನರ ಗದರಿಕೆ, ಅವನು ಎಸೆದ ಹೊದಿಕೆ, ಎಲ್ಲವನ್ನೂ ಕಣ್ಣೆದುರು ತಂದುಕೊಂಡು ಅಲ್ಲಿ ನಿಲ್ಲಬೇಕು. ಅಲ್ಲಿಗೇ ಮುಗಿಯುವುದಿಲ್ಲ. ‘ನನಗೆ ಬೇಕಾದದ್ದು ಇದು’ ಎಂದು ಬಾಯಿಬಿಟ್ಟು ಕೇಳಿಕೊಳ್ಳಬೇಕು. ಪ್ರತಿ ಗಂಟೆಯ ಆರಂಭದಲ್ಲೂ ಈ ಕೋರಿಕೆ ಇದ್ದೇ ಇರುತ್ತದೆ. ಗಂಟೆಯ ಕೊನೆಗೆ, ಗೆಳೆಯ ಗೆಳೆಯನೊಡನೆ ಮಾತಾಡುವಂತೆ ಯೇಸುವಿನ ಜೊತೆ ಸಲುಗೆಯ ಮಾತು. ಎದ್ದ ಮೇಲೆ ಕಾಲು ಗಂಟೆ ಅಡ್ಡಾಡುತ್ತ, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಎಲ್ಲಿ ಓಡಿಹೋಯಿತು ಎಂದು ನಾಲ್ಕು ಸಾಲು ಬರೆಯಬೇಕು. ಹೊಸಬರು ಬಿಡುವುದು ಈ ಕಾಲು ಗಂಟೆಯನ್ನೇ. ಅದನ್ನು ಬಿಟ್ಟರೆ ಮರುದಿನ ಮಾರ್ಗದರ್ಶಿಯ ಮುಂದೆ ಹೇಳಲು ‘ಚೆನ್ನಾಗಿತ್ತು ಫಾದರ್’ ಎಂಬುದರ ಹೊರತು ಏನೂ ಇರುವುದಿಲ್ಲ.

ಇನ್ನೊಂದು ಚಿಕ್ಕ ನಿಯಮ. ಪ್ರಾರ್ಥನೆ ಒಣಗಿ, ಯಾವಾಗ ಏಳಲಿ ಎನಿಸಿದಾಗ ಗಂಟೆ ಪೂರೈಸಿ, ಅದಕ್ಕೆ ಇನ್ನೊಂದಿಷ್ಟು ಹೊತ್ತು ಸೇರಿಸಿ ಏಳಬೇಕು, ಒಂದೈದು ನಿಮಿಷವಾದರೂ. ನೋಡಲು ಹಟದಂತೆ ಕಾಣುತ್ತದೆ. ಆದರೆ ತನ್ನ ಇಚ್ಛೆಯನ್ನು ಒಪ್ಪಿಸುವ ಪಾಠ ದೊಡ್ಡ ಪ್ರತಿಜ್ಞೆಯಿಂದಲ್ಲ, ಈ ಐದು ನಿಮಿಷದಿಂದ ಶುರುವಾಗುತ್ತದೆ.

ಶರಣಾಗತಿ ಎಂದರೆ ನನ್ನ ಆಸೆಗಳನ್ನು ಅದುಮಿ, ಏನೂ ಬೇಡದವನಂತೆ ಇರುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಈ ಸಾಧನೆ ಅದನ್ನು ಒಪ್ಪುವುದಿಲ್ಲ, ಅದಕ್ಕೇ ಇದು ನಮಗೆ ಇಷ್ಟ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ಮೊದಲು ಬೇಡಿದ್ದು ಈ ಪಾತ್ರೆ, ಅಂದರೆ ಮುಂದಿರುವ ಯಾತನೆ, ನನ್ನಿಂದ ತೊಲಗಲಿ ಎಂದು. ‘ನನ್ನ ಚಿತ್ತವಲ್ಲ, ನಿಮ್ಮ ಚಿತ್ತ’ ಎಂಬುದು ಎರಡನೆಯ ಮಾತು. ಮೊದಲ ಮಾತನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ಹೇಳುವವರು ದೇವರಿಗೆ ಏನನ್ನು ಒಪ್ಪಿಸುತ್ತಿದ್ದಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಬೇಡಿಕೆ ಹೊರಗೆ ಬಂದರೆ ತಾನೆ ಅದನ್ನು ಕೈಯಲ್ಲಿ ಹಿಡಿದು ಕೊಡಲು ಆಗುವುದು?

ಆರಂಭದಲ್ಲಿ ಕೊಡುವ ‘ಮೂಲತತ್ವ ಮತ್ತು ಅಡಿಪಾಯ’ ಎಂಬ ಪುಟ್ಟ ಭಾಗದಲ್ಲಿ ನಾಲ್ಕು ಜೋಡಿಗಳು ಬರುತ್ತವೆ: ಆರೋಗ್ಯ ಅಥವಾ ಕಾಯಿಲೆ, ಸಿರಿತನ ಅಥವಾ ಬಡತನ, ಮಾನ ಅಥವಾ ಅವಮಾನ, ದೀರ್ಘಾಯುಷ್ಯ ಅಥವಾ ಅಲ್ಪಾಯುಷ್ಯ. ದೇವರ ಸೇವೆಗೆ ಯಾವುದು ಹೆಚ್ಚು ಒದಗುತ್ತದೋ ಅದು ಬರಲಿ ಎಂಬಷ್ಟು ಮನಸ್ಸು ಬಿಡುಗಡೆಯಾಗಬೇಕು ಎಂದು ಅದರ ಬೇಡಿಕೆ. ಕೆಲವರು ಇದನ್ನು ‘ಉದಾಸೀನ’ ಎಂದು ಕನ್ನಡಿಸುತ್ತಾರೆ. ಅದು ತಪ್ಪು ದಾರಿಗೆ ಒಯ್ಯುವ ಮಾತು, ಉದಾಸೀನದಲ್ಲಿ ಪ್ರೀತಿಯೇ ಇರುವುದಿಲ್ಲ. ‘ನಿರ್ಲಿಪ್ತತೆ’ ಸ್ವಲ್ಪ ಹತ್ತಿರ. ಇಗ್ನೇಷಿಯಸರ ಹೋಲಿಕೆಯೇ ಎಲ್ಲಕ್ಕಿಂತ ಚೆನ್ನ: ಎರಡೂ ಕಡೆ ವಾಲದೆ ನೆಟ್ಟಗೆ ನಿಂತ ತಕ್ಕಡಿ. ಹತ್ತಿ ತೂಗುವವನಿಗೂ ಚಿನ್ನ ತೂಗುವವನಿಗೂ ಗೊತ್ತು, ಏನನ್ನೂ ಇಡುವ ಮುಂಚೆಯೇ ಮುಳ್ಳು ಒಂದು ಕಡೆ ವಾಲಿದ್ದರೆ ಆಮೇಲಿನ ತೂಕವೆಲ್ಲ ಸುಳ್ಳು.

ಮುಳ್ಳು ವಾಲಿದೆಯೇ ಎಂದು ನೋಡಲು ಸಾಧನೆಯ ನಡುವೆ ಒಂದು ಪರೀಕ್ಷೆ ಬರುತ್ತದೆ. ಮೂರು ಬಗೆಯ ಜನರ ಕೈಗೆ ಹತ್ತು ಸಾವಿರ ಚಿನ್ನದ ನಾಣ್ಯ ಬಂದಿದೆ. ಅನ್ಯಾಯದ ದುಡ್ಡಲ್ಲ, ಆದರೆ ದೇವರ ಮೇಲಿನ ಪ್ರೀತಿಗಾಗಿ ಸಂಪಾದಿಸಿದ್ದೂ ಅಲ್ಲ. ಮೂವರಿಗೂ ಅದರ ಮೋಹ ಬಿಡಬೇಕೆಂದು ಆಸೆ. ಮೊದಲನೆಯವರು ಸಾಯುವ ತನಕ ‘ಬಿಡಬೇಕು, ಬಿಡಬೇಕು’ ಎನ್ನುತ್ತಲೇ ಇರುತ್ತಾರೆ, ಏನೂ ಮಾಡುವುದಿಲ್ಲ. ಎರಡನೆಯವರು ಮೋಹವನ್ನು ಬಿಡಬೇಕು ಆದರೆ ದುಡ್ಡು ಇರಬೇಕು ಎನ್ನುತ್ತಾರೆ. ಅಂದರೆ ತಾವಿದ್ದಲ್ಲಿಗೇ ದೇವರು ಬಂದು ಸಹಿ ಹಾಕಬೇಕು. ಮೂರನೆಯವರು ಇಟ್ಟುಕೊಳ್ಳುವ ಹಟವನ್ನೂ ಕೊಟ್ಟುಬಿಡುವ ಹಟವನ್ನೂ ಬಿಟ್ಟು, ದೇವರು ತೋರಿಸಿದಂತೆ ಎಂದು ಕಾಯುತ್ತಾರೆ. ಭಕ್ತಿವಂತರಲ್ಲಿ ಬಹುಪಾಲು ಜನ ಸಿಕ್ಕಿಬೀಳುವುದು ಎರಡನೆಯ ಗುಂಪಿನಲ್ಲಿ. ದುಬೈ ಕೆಲಸ, ಬೆಂಗಳೂರಿನ ಸೈಟು, ಅಪ್ಪ ನೋಡಿದ ಸಂಬಂಧ, ಚರ್ಚಿನಲ್ಲಿ ಸಿಕ್ಕ ಪದವಿ, ನಾಣ್ಯದ ಜಾಗದಲ್ಲಿ ಇವುಗಳಲ್ಲಿ ಯಾವುದನ್ನು ಬೇಕಾದರೂ ಇಟ್ಟು ನೋಡಬಹುದು. ಕೊಟ್ಟುಬಿಡುವ ಹಟವೂ ಹಟವೇ ಎಂಬುದನ್ನು ಗಮನಿಸಿ. ಎಲ್ಲ ತೊರೆದು ಮಠ ಸೇರುತ್ತೇನೆ ಎಂಬ ಆವೇಶದಲ್ಲೂ ಸ್ವಂತ ಇಚ್ಛೆ ಭದ್ರವಾಗಿ ಕೂತಿರಬಹುದು.

ಈಗ ಮುಖ್ಯ ಭಾಗ, ಆಯ್ಕೆ. ಕರೆ ತಿಳಿಯುವ ಮೂರು ಸಂದರ್ಭಗಳನ್ನು ಸಾಧನೆ ಹೇಳುತ್ತದೆ. ಬೈಬಲಿನಲ್ಲಿ ಯೇಸು ಕರೆದಾಗ ಮತ್ತಾಯನಿಗೆ, ಪೌಲನಿಗೆ ಆದಂತೆ ಸಂಶಯಕ್ಕೆ ಎಡೆಯೇ ಇಲ್ಲದೆ ತಿಳಿಯುವುದು ಮೊದಲನೆಯದು. ಹಲವು ದಿನಗಳ ಸಾಂತ್ವನ (ಮನಸ್ಸು ದೇವರ ಕಡೆ ಅರಳುವುದು) ಮತ್ತು ಬರಡುತನ (ಮನಸ್ಸು ಒಣಗಿ ಮುದುಡುವುದು) ಇವುಗಳ ಏರಿಳಿತ ಗಮನಿಸಿ, ಮನಸ್ಸು ದೇವರಲ್ಲಿ ನೆಲೆಸಿದಾಗಲೆಲ್ಲ ಯಾವ ಕಡೆ ಸೆಳೆತ ಎಂದು ಗುರುತಿಸುವುದು ಎರಡನೆಯದು. ನೋಟ್‌ಬುಕ್ಕಿನ ನಾಲ್ಕು ಸಾಲು ಕೆಲಸಕ್ಕೆ ಬರುವುದು ಇಲ್ಲಿ. ಮೂರನೆಯದು ಮನಸ್ಸು ಶಾಂತವಾಗಿರುವಾಗ ಬುದ್ಧಿ ಬಳಸಿ ತೂಗುವುದು. ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ: ಇದನ್ನು ಆರಿಸಿದರೆ ದೇವರ ಸೇವೆಗೆ ಆಗುವ ಲಾಭ, ಅದರ ಅಪಾಯ, ಆರಿಸದಿದ್ದರೆ ಲಾಭ, ಅದರ ಅಪಾಯ. ಎರಡೇ ಮನೆ ಮಾಡಿದರೆ ಸಾಲದೇ ಎಂದರೆ ಸಾಲದು. ‘ಸೇರಿದರೆ’ ಎಂಬುದರ ಒಳಿತು ಕೆಡುಕು ಬರೆದವರು ‘ಸೇರದಿದ್ದರೆ’ ಎಂಬುದರಲ್ಲಿ ಇರುವ ಒಳಿತನ್ನು ನೋಡುವುದೇ ಇಲ್ಲ. ಆಮೇಲೆ ಎಣಿಸಬಾರದು, ತೂಗಬೇಕು. ಹತ್ತು ಸಣ್ಣ ಕಾರಣಕ್ಕಿಂತ ಒಂದು ದೊಡ್ಡ ಕಾರಣ ಭಾರ. ಇಷ್ಟಾದ ಮೇಲೆ ಮೂರು ಪ್ರಶ್ನೆ: ಪರಿಚಯವೇ ಇಲ್ಲದ ಒಬ್ಬರು ಇದೇ ಸಂಗತಿ ಹಿಡಿದು ಬಂದರೆ ಅವರಿಗೆ ಏನು ಹೇಳುವೆ? ಸಾವಿನ ಹಾಸಿಗೆಯಲ್ಲಿ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಎನಿಸುವುದು? ನ್ಯಾಯತೀರ್ಪಿನ ದಿನ ದೇವರ ಎದುರು ನಿಂತಾಗ?

ತೀರ್ಮಾನಕ್ಕೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಅದನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಟ್ಟು ದೃಢೀಕರಣ ಬೇಡಬೇಕು. ಅನೇಕ ಕಡೆ ಈ ಹೆಜ್ಜೆಗೆ ಸಮಯ ಉಳಿಯುವುದಿಲ್ಲ. ಎಂಟು ದಿನದ ರಿಟ್ರೀಟಿನ ದೊಡ್ಡ ಕೊರತೆ ಇದೇ. ಮೊದಲ ಎರಡು ದಿನ ದಣಿವಾರಿಸಿಕೊಳ್ಳಲು ಹೋಗುತ್ತದೆ, ಮೌನ ಆಳಕ್ಕೆ ಇಳಿಯುವುದು ಮೂರನೆಯ ದಿನದಿಂದ. ಏಳನೆಯ ದಿನ ಮನಸ್ಸು ಆಗಲೇ ಬಸ್ ಟಿಕೆಟ್ಟಿನ ಕಡೆ. ಹಾಗಾಗಿ ಬದುಕಿನ ದೊಡ್ಡ ಆಯ್ಕೆಯನ್ನು ಇಷ್ಟರಲ್ಲೇ ಮುಗಿಸುವ ಆತುರ ಬೇಡ. ಪ್ರಶ್ನೆಯನ್ನು ಸರಿಯಾಗಿ ಬಿಡಿಸಿಕೊಂಡು ಬಂದರೂ ದೊಡ್ಡ ಲಾಭ. ಈಗಾಗಲೇ ಮದುವೆಯಾದವರು, ಪಾದ್ರಿಯಾಗಿ ಗುರುದೀಕ್ಷೆ ಪಡೆದವರು ಆ ಆಯ್ಕೆಯನ್ನೇ ಮತ್ತೆ ಕೆದಕಬಾರದು. ಮೊದಲು ತಪ್ಪಾಗಿ ಆರಿಸಿದ್ದರೂ ಅದೇ ಬಾಳಿನಲ್ಲಿ ಒಳ್ಳೆಯದಾಗಿ ನಡೆಯುವುದು ಹೇಗೆ ಎಂಬುದಷ್ಟೇ ಅವರ ಪ್ರಶ್ನೆ.

ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಎರಡು ಕಡೆ, ಎರಡರಲ್ಲೂ ಭಾವನೆಯ ಏರಿಳಿತವೇ ಕಾರಣ. ಮನಸ್ಸು ಬರಡಾದ ದಿನ ‘ನನಗೆ ಕರೆ ಇಲ್ಲವೇ ಇಲ್ಲ’ ಎಂದು ಹಿಂದಿನ ತೀರ್ಮಾನ ಮುರಿಯುವುದು ಒಂದು. ಬರಡುತನದಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು ಎಂಬುದು ಸಾಧನೆಯ ಅತ್ಯಂತ ಕಟ್ಟುನಿಟ್ಟಿನ ನಿಯಮ. ಸಾಂತ್ವನದಲ್ಲಿದ್ದಾಗ ಮಾಡಿದ ನಿರ್ಧಾರಕ್ಕೇ ಅಂಟಿಕೊಂಡು, ಪ್ರಾರ್ಥನೆ ಸ್ವಲ್ಪ ಹೆಚ್ಚಿಸಿ ಕಾಯಬೇಕು. ಇನ್ನೊಂದು ಇದಕ್ಕೆ ತದ್ವಿರುದ್ಧ. ಐದನೆಯ ದಿನ ಹೃದಯ ಉಕ್ಕಿ ಬಂದು, ಅಲ್ಲೇ ಬ್ರಹ್ಮಚರ್ಯದ ಹರಕೆ ಹೊರುವುದು, ಇರುವ ದುಡ್ಡೆಲ್ಲ ದಾನ ಮಾಡುತ್ತೇನೆ ಎಂದು ಮಾತು ಕೊಡುವುದು. ಇಂಥ ಹೊತ್ತಿನಲ್ಲಿ ಅವಸರದ ಹರಕೆ ಹೊರದಂತೆ ಮಾರ್ಗದರ್ಶಿ ತಡೆಯಬೇಕು ಎಂದು ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಶರಣಾಗತಿಯ ಹೆಸರಿನಲ್ಲಿ ಜನರ ಭಾವನೆಯನ್ನು ದುಡಿಸಿಕೊಳ್ಳುವ ಕೂಟಗಳ ನಡುವೆ, ಆ ಒಂದು ನಿಯಮಕ್ಕಾಗಿಯೇ ಈ ಸಾಧನೆಯ ಮೇಲೆ ನಮಗೆ ಗೌರವ.

ಅದಕ್ಕೆ ಹೊಂದಿಕೊಂಡೇ ಮಾರ್ಗದರ್ಶಿಯ ಮೇಲೂ ಕಟ್ಟುಪಾಡಿದೆ. ಅವರು ನಿಮ್ಮನ್ನು ಕಾನ್ವೆಂಟಿನ ಕಡೆಗೂ ಎಳೆಯಬಾರದು, ಮದುವೆಯ ಕಡೆಗೂ ತಳ್ಳಬಾರದು. ಸೃಷ್ಟಿಕರ್ತ ತನ್ನ ಸೃಷ್ಟಿಯ ಜೊತೆ ನೇರವಾಗಿ ವ್ಯವಹರಿಸಲು ಬಿಟ್ಟು, ತಾವು ತಕ್ಕಡಿಯ ಹಾಗೆ ನಡುವೆ ನಿಲ್ಲಬೇಕು. ಒಳ್ಳೆಯ ಮಾರ್ಗದರ್ಶಿಯನ್ನು ಗುರುತಿಸುವುದು ಸುಲಭ. ಅವರು ಕಡಿಮೆ ಮಾತಾಡುತ್ತಾರೆ. ‘ನಿನ್ನೆ ಆ ಗಂಟೆಯಲ್ಲಿ ಏನಾಯಿತು? ಆಮೇಲೆ? ಅದು ಎಷ್ಟು ಹೊತ್ತು ಉಳಿಯಿತು?’ ಎಂದು ಕೇಳಿ, ಎರಡು ವಚನ ಗುರುತು ಹಾಕಿ ಕಳುಹಿಸುತ್ತಾರೆ. ‘ಏನೂ ಆಗಲಿಲ್ಲ, ಎಲ್ಲ ಆರಾಮ’ ಎಂದು ಮೂರು ದಿನ ಹೇಳಿದರೆ ಅವರು ಸುಮ್ಮನಿರುವುದಿಲ್ಲ. ಸಮಯಕ್ಕೆ ಸರಿಯಾಗಿ ಕೂರುತ್ತಿದ್ದೀರಾ, ಹೇಗೆ ಕೂರುತ್ತಿದ್ದೀರಾ ಎಂದು ವಿಚಾರಿಸುತ್ತಾರೆ. ಅರ್ಧ ಗಂಟೆಯಲ್ಲಿ ಇಪ್ಪತ್ತೈದು ನಿಮಿಷ ಅವರೇ ಉಪದೇಶ ಮಾಡಿದರೆ, ಅಥವಾ ಮೊದಲ ದಿನವೇ ‘ನಿನಗೆ ದೈವಕರೆ ಇದೆ ಮಗಳೇ’ ಎಂದರೆ, ಬೇರೊಬ್ಬರನ್ನು ಕೊಡಿ ಎಂದು ಕೇಳಿಕೊಳ್ಳಲು ಹಿಂಜರಿಯಬೇಡಿ. ಗುರುಗಳಿಗೆ ಹಾಗೆ ಹೇಳುವುದು ನಮ್ಮಲ್ಲಿ ಕಷ್ಟ ನಿಜ, ಆದರೂ ಹೇಳಬೇಕು.

ಊಟದ ಬಗ್ಗೆ ಎರಡು ಮಾತು. ಉಪವಾಸ ಮಾಡಿ ಸೊರಗುವ ಜಾಗವಲ್ಲ ಇದು. ಎಷ್ಟು ತಿಂದರೆ ಪ್ರಾರ್ಥನೆಗೆ ಮೈ ಹಗುರವಾಗಿರುತ್ತದೆ ಎಂದು ನೀವೇ ಕಂಡುಕೊಳ್ಳಬೇಕು. ಅದಕ್ಕೆ ಇಗ್ನೇಷಿಯಸರ ಉಪಾಯ ಬಲು ಸರಳ: ಮುಂದಿನ ಊಟಕ್ಕೆ ಎಷ್ಟು ಎಂಬುದನ್ನು ಹಸಿವಾದಾಗಲ್ಲ, ಈ ಊಟ ಮುಗಿದ ಮೇಲೆಯೇ ನಿಶ್ಚಯಿಸಿಕೊಳ್ಳಿ. ಮಧುಮೇಹ, ಬಿಪಿ ಇರುವವರು ಮಾತ್ರೆ, ಊಟದ ಹೊತ್ತು ಎಳ್ಳಷ್ಟೂ ತಪ್ಪಿಸಬಾರದು.

ಯಾರು ಹೋಗಬಾರದು ಎಂಬುದನ್ನೂ ಹೇಳಲೇಬೇಕು. ಮನೆಯಲ್ಲಿ ಈಚೆಗೆ ಸಾವಾಗಿ ಇನ್ನೂ ಚೇತರಿಸಿಕೊಳ್ಳದವರಿಗೆ, ತೀವ್ರ ಖಿನ್ನತೆಯಲ್ಲಿರುವವರಿಗೆ ಎಂಟು ದಿನದ ಮೌನ ಔಷಧಿಯಲ್ಲ, ಕೆಲವೊಮ್ಮೆ ಭಾರ. ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದರೆ ವೈದ್ಯರನ್ನು ಕೇಳಿ, ರಿಟ್ರೀಟ್ ಮನೆಯವರಿಗೂ ತಿಳಿಸಿಯೇ ಹೋಗಬೇಕು. ದೇವರಿಗೆ ಒಪ್ಪಿಸಿದ್ದೇನೆ ಎಂದು ಮಾತ್ರೆ ನಿಲ್ಲಿಸುವುದು ಶರಣಾಗತಿಯಲ್ಲ. ಅಪ್ಪ ಅಮ್ಮನ ಒತ್ತಾಯಕ್ಕೆ ಬಂದ ಹುಡುಗ ಹುಡುಗಿಯರಿಗೂ ಇದು ಹಿಡಿಸದು, ಸ್ವಂತ ಪ್ರಶ್ನೆ ಇಲ್ಲದೆ ಈ ಚಕ್ಕಡಿ ಮುಂದೆ ಹೋಗುವುದಿಲ್ಲ.

ಸಂಸಾರಸ್ಥರಿಗೆ, ಎಂಟು ದಿನ ರಜೆ ಸಿಗದವರಿಗೆ ನಾವು ಹೇಳುವುದು ‘ಹತ್ತೊಂಬತ್ತನೆಯ ಸೂಚನೆ’ಯ ರಿಟ್ರೀಟ್. ಕೈಪಿಡಿಯ ಆರಂಭದ 20 ಸೂಚನೆಗಳಲ್ಲಿ ಹತ್ತೊಂಬತ್ತನೆಯದು, ಕೆಲಸಕಾರ್ಯ ಬಿಡಲಾಗದವರು ದಿನಕ್ಕೆ ಒಂದೂವರೆ ಗಂಟೆಯಷ್ಟು ಇಟ್ಟುಕೊಂಡು ಮನೆಯಲ್ಲಿದ್ದೇ ಸಾಧನೆ ಮಾಡಬಹುದು ಎನ್ನುತ್ತದೆ. ಈಗ ಇದನ್ನು ಸಾಮಾನ್ಯವಾಗಿ ಹಲವು ತಿಂಗಳುಗಳಿಗೆ ಹರಡಿ, ವಾರಕ್ಕೊಮ್ಮೆ ಮಾರ್ಗದರ್ಶಿಯನ್ನು ಕಂಡು ಮಾಡುತ್ತಾರೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ, ಮಕ್ಕಳ ಪರೀಕ್ಷೆಯ ನಡುವೆ, ಬೆಳಿಗ್ಗೆ ಐದಕ್ಕೆ ಎದ್ದು ಕೂರಬೇಕಾಗುತ್ತದೆ, ಕಷ್ಟ ಹೌದು. ಆದರೆ ಅಲ್ಲಿ ಕೈಗೊಂಡ ತೀರ್ಮಾನ ಅದೇ ಮನೆಯಲ್ಲಿ, ಅದೇ ಜನರ ನಡುವೆ ಆಗಲೇ ಪರೀಕ್ಷೆಗೆ ಒಳಗಾಗಿರುತ್ತದೆ. ದೃಢೀಕರಣಕ್ಕೂ ಬೇಕಾದಷ್ಟು ಕಾಲ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡರಲ್ಲಿ ಹೆಚ್ಚು ಬೆಲೆ ಇದಕ್ಕೇ.

ಸಾಧನೆಯ ತುದಿಯಲ್ಲಿ ಬರುವ ಸಮರ್ಪಣೆಯ ಜಪವನ್ನು ಅನೇಕರು ಮೊದಲ ದಿನವೇ ಬಾಯಿಪಾಠ ಮಾಡುತ್ತಾರೆ. ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಡೀ ಇಚ್ಛೆ, ನನ್ನದೆಂದು ಇರುವುದೆಲ್ಲ ತೆಗೆದುಕೊಳ್ಳಿ, ನಿಮ್ಮ ಪ್ರೀತಿ ಮತ್ತು ಕೃಪೆ ಕೊಡಿ, ಅಷ್ಟೇ ಸಾಕು ಎಂಬುದು ಅದರ ಸಾರ. ಅದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ದೇವರಿಂದ ಏನೇನು ಬಂದಿದೆ ಎಂದು ಒಂದೊಂದಾಗಿ ನೆನೆದ ಮೇಲೆ, ಬಂದದ್ದನ್ನು ಹಿಂದಿರುಗಿಸುವ ಮಾತು ಅದು. ನೆನೆಯದೆ ಹೇಳಿದರೆ ಹೆದರಿಕೆಯಿಂದ ಬಂದ ಮಾತಾಗುತ್ತದೆ, ಮರುದಿನವೇ ಹಿಂದಕ್ಕೆ ಕಸಿದುಕೊಳ್ಳುವ ಹಾಗಾಗುತ್ತದೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು ಇಷ್ಟು. ಇದು ಒಬ್ಬೊಬ್ಬರಿಗೆ ಮಾರ್ಗದರ್ಶನವಿರುವ ರಿಟ್ರೀಟೋ, ಎಲ್ಲರಿಗೂ ಸೇರಿ ಪ್ರವಚನವೋ? ಒಬ್ಬ ಮಾರ್ಗದರ್ಶಿಯ ಪಾಲಿಗೆ ಎಷ್ಟು ಜನ? ಐದಾರು ಜನ ಸರಿ, ಹದಿನೈದಾದರೆ ನಿಮಗೆ ಬೇಕಾದಷ್ಟು ಹೊತ್ತು ಸಿಗದು. ಅವರು ಸ್ವತಃ 30 ದಿನದ ಸಾಧನೆ ಮುಗಿಸಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ ಮಾತಾಡಬಲ್ಲ ಮಾರ್ಗದರ್ಶಿ ಇದ್ದಾರೆಯೇ? ಅನೇಕ ಕಡೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅಳು ಬಂದಾಗ ಯಾವ ನುಡಿಯಲ್ಲಿ ದೇವರನ್ನು ಕರೆಯುತ್ತೀರೋ ಆ ನುಡಿಯಲ್ಲೇ ನಿಮ್ಮ ಇಚ್ಛೆಯೂ ಅಡಗಿರುತ್ತದೆ, ಅದನ್ನು ಇನ್ನೊಂದು ನುಡಿಗೆ ತಿರುಗಿಸಿ ಹೇಳುವಾಗ ಅರ್ಧ ಸೋರಿಹೋಗುತ್ತದೆ. ಕೋಣೆ, ಊಟದ ಖರ್ಚು ದಿನದ ಲೆಕ್ಕದಲ್ಲಿ ಇರುತ್ತದೆಯೋ, ಕಾಣಿಕೆಯೋ ಎಂದೂ ಕೇಳಿಕೊಳ್ಳಿ. ಕೊಡಲಾಗದವರು ಮೊದಲೇ ತಿಳಿಸಿ ಕೇಳಿದರೆ ದಾರಿ ಇರಬಹುದು. ಹೊದಿಕೆ, ಟವೆಲ್, ನೀರಿನ ಬಾಟಲಿ, ಸದ್ದು ಮಾಡದ ಚಪ್ಪಲಿ, ಶ್ರೀಸಾಮಾನ್ಯರ ಬೈಬಲ್ ಅಥವಾ ನಿಮಗೆ ರೂಢಿಯಾದ ಬೈಬಲ್, ಒಂದು ಕೈಗಡಿಯಾರ. ಗಡಿಯಾರ ಏಕೆಂದರೆ ಹೊತ್ತು ನೋಡುವ ನೆಪದಲ್ಲಿ ಮೊಬೈಲ್ ಮತ್ತೆ ಕೈಗೆ ಬರುತ್ತದೆ. ಮನೆಯವರಿಗೆ ರಿಟ್ರೀಟ್ ಮನೆಯ ಆಫೀಸ್ ನಂಬರ್ ಕೊಟ್ಟು, ಮೊಬೈಲನ್ನು ಬಂದ ಸಂಜೆಯೇ ಆಫೀಸಿಗೆ ಒಪ್ಪಿಸಿಬಿಡಿ.